ಜ್ವರವೇ ಬರಲಿಲ್ಲ

ಆಪರೇಷನ್ ಆಗಿ ಆಸ್ಪತ್ರೆಯಿಂದ ಹೊರಡುವಾಗ ಎಲ್ಲರೂ ಒಂದೇ ಮಾತು ಹೇಳಿ ಕಳಿಸಿದ್ದರು. "ಜ್ವರ ಬಂದರೆ ಕೂಡಲೇ ಬನ್ನಿ." ನಾನು, ಅಕ್ಕ ಇಬ್ಬರೂ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆವು. ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆವು. ಜ್ವರ ಬರಲೇ ಇಲ್ಲ. ಹೊಟ್ಟೆಯ ಗಾಯದೊಳಗೆ ಕೀವು ಮಾತ್ರ ತುಂಬಿಕೊಳ್ಳುತ್ತಾ ಹೋಯಿತು.

ನನ್ನ ಹಾಗೆ ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಲೇ ಕರುಳಿನ ಆಪರೇಷನ್‌ಗೆ ಹೋಗುವವರು ಇನ್ನೂ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಈ ವಿಷಯ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನನ್ನೂರು ಸಾಗರ. ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. 2021ರಲ್ಲಿ ಹೊಟ್ಟೆನೋವು ಶುರುವಾಯಿತು. ಹೊಕ್ಕುಳಿನ ಕೆಳಗೆ, ಬಲಗಡೆಗೆ. ಉಂಡು ಒಂದು ಗಂಟೆಯಾಗುತ್ತಿದ್ದಂತೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು, ಆಮೇಲೆ ಬೇಧಿ. ಕೊಲೊನೋಸ್ಕೋಪಿ ಮಾಡಿದರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣು ಕಾಣಿಸಿತು. ನಮ್ಮ ದೇಶದಲ್ಲಿ ಆ ಜಾಗದಲ್ಲಿ ಹುಣ್ಣು ಅಂದರೆ ಎರಡು ಅನುಮಾನ ಬರುತ್ತದೆ. ಒಂದು ಕರುಳಿನ ಟಿ.ಬಿ., ಇನ್ನೊಂದು ಕ್ರೋನ್ಸ್ ಕಾಯಿಲೆ. ನೋಡಲು ಎರಡೂ ಅವಳಿ ಮಕ್ಕಳ ಹಾಗೆ. ಟಿ.ಬಿ. ಇರುವವರಿಗೆ ತಿಳಿಯದೆ ಕ್ರೋನ್ಸ್ ಔಷಧ ಕೊಟ್ಟರೆ ಟಿ.ಬಿ. ಮೈಯೆಲ್ಲ ಹರಡಬಹುದು. ಹಾಗಾಗಿ ಮೊದಲು ಟಿ.ಬಿ. ಮಾತ್ರೆ, ಆರು ತಿಂಗಳು. ಹುಣ್ಣು ಮಾಯಲಿಲ್ಲ. ಆಗ ಕ್ರೋನ್ಸ್ ಅಂತ ಗಟ್ಟಿಯಾಯಿತು.

ಕ್ರೋನ್ಸ್ ಅಂಟುರೋಗವಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅದನ್ನು ತಗ್ಗಿಸಲು ಸ್ಟೀರಾಯ್ಡ್ ಕೊಡುತ್ತಾರೆ. ಅದು ಕರುಳಿನ ಉರಿಯನ್ನೂ ತಗ್ಗಿಸುತ್ತದೆ, ಸೋಂಕಿನ ಜೊತೆ ಹೋರಾಡುವ ಬಲವನ್ನೂ ತಗ್ಗಿಸುತ್ತದೆ. ಈ ಎರಡನೇ ಮಾತು ನನ್ನ ತಲೆಗೆ ಹೋಗಿರಲಿಲ್ಲ. ಪ್ರೆಡ್ನಿಸೊಲೋನ್ 40 ಮಿಲಿಗ್ರಾಂನಿಂದ ಶುರು ಮಾಡಿದರು. ಎರಡೇ ದಿನಕ್ಕೆ ನೋವು ಹೋಯಿತು. ಊಟ ರುಚಿಸಿತು. ಮುಖ ಗುಂಡಗಾಯಿತು. ಅತ್ತೆ ಸಹ "ಈಗ ಲಕ್ಷಣವಾಗಿ ಕಾಣ್ತೀಯ" ಅಂದರು. ಡಾಕ್ಟರ್ ವಾರ ವಾರ ಇಳಿಸಿಕೊಂಡು ಬನ್ನಿ ಅಂದಿದ್ದರು. ಇಳಿಸಿದಾಗಲೆಲ್ಲ ನೋವು ವಾಪಸ್ ಬರುತ್ತಿತ್ತು. ನಾನು ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಮತ್ತೆ ಮತ್ತೆ ಅದೇ ಮಾತ್ರೆ ತಂದೆ. ಹೀಗೆ ಹತ್ತು ತಿಂಗಳು ಕಳೆಯಿತು. ಇದು ನಾನು ಮಾಡಿದ ದೊಡ್ಡ ತಪ್ಪು. ದಯವಿಟ್ಟು ಯಾರೂ ಮಾಡಬೇಡಿ.

2023ರ ಜುಲೈ. ಹೊರಗೆ ಜಡಿಮಳೆ. ನನಗೆ ಬಲಗಾಲು ನೀಟಿ ಮಲಗಲು ಆಗುತ್ತಿರಲಿಲ್ಲ, ಬಗ್ಗಿಕೊಂಡೇ ಓಡಾಡುತ್ತಿದ್ದೆ. ಸಿಟಿ ಸ್ಕ್ಯಾನ್ ಮಾಡಿಸಿದರೆ ಕರುಳಿನ ದಾರಿ ಪೆನ್ಸಿಲ್‌ನಷ್ಟು ಕಿರಿದಾಗಿತ್ತು. ಪಕ್ಕದಲ್ಲೇ ಐದು ಸೆಂಟಿಮೀಟರ್‌ನ ಕೀವಿನ ಗಂಟು. ರಾತ್ರೋರಾತ್ರಿ ಬೆಂಗಳೂರಿಗೆ ಹೊರಟೆವು.

ಅಲ್ಲಿನ ಸರ್ಜನ್ ಎಲ್ಲಾ ರಿಪೋರ್ಟ್ ನೋಡಿ, ಆಪರೇಷನ್ ಬೇಕು, ಆದರೆ ಈಗಲ್ಲ ಅಂದರು. ನಮ್ಮನೆಯವರು ಕೈಮುಗಿದರು. "ಸಾರ್, ಇವಳ ನೋವು ನೋಡೋಕಾಗಲ್ಲ. ಇವತ್ತೇ ಮಾಡಿಬಿಡಿ."

"ಹಳೇ ಲಡ್ಡಾದ ಬಟ್ಟೆಗೆ ಹೊಲಿಗೆ ಹಾಕಿದ್ರೆ ದಾರ ನಿಲ್ಲುತ್ತಾ, ನೀವೇ ಹೇಳಿ," ಅಂದರು ಅವರು.

ಆಮೇಲೆ ಕಾಗದ ತೆಗೆದುಕೊಂಡು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ಈಗಾಗಲೇ ಕೀವಿದೆ. ದಿನಕ್ಕೆ 30 ಮಿಲಿಗ್ರಾಂ ಸ್ಟೀರಾಯ್ಡ್ ನಡೆಯುತ್ತಿದೆ. ದಿನಕ್ಕೆ 20 ಮಿಲಿಗ್ರಾಂ ಮೀರಿ ಆರು ವಾರಕ್ಕಿಂತ ಜಾಸ್ತಿ ತಿಂದವರಲ್ಲಿ ಗಾಯ ಬೇಗ ಕೂಡುವುದಿಲ್ಲ, ಸೋಂಕು ಬೇಗ ಹಿಡಿಯುತ್ತದೆ. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ 2.3 ಇದೆ, 3.5 ಆದರೂ ಇರಬೇಕಿತ್ತು. ಹಿಮೋಗ್ಲೋಬಿನ್ 8.4. ತೂಕ 41 ಕಿಲೋ. ಈ ಸ್ಥಿತಿಯಲ್ಲಿ ಕರುಳು ಕತ್ತರಿಸಿ ಜೋಡಿಸಿದರೆ ಜೋಡಿಸಿದ ಜಾಗ ಸೋರುವ ಭಯ. ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಅಪಾಯ. ಒಂದೊಂದನ್ನೂ ಸರಿ ಮಾಡಿಕೊಂಡು ಹೋಗೋಣ, ಆರೇಳು ವಾರ ಕೊಡಿ ಅಂದರು.

ಆವತ್ತು ನನಗೆ ಅಳು ಬಂದಿತ್ತು. ಈಗ ಹಿಂತಿರುಗಿ ನೋಡಿದರೆ ನನ್ನ ಇಡೀ ಚಿಕಿತ್ಸೆಯಲ್ಲಿ ಅದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ. ಸೋಂಕು ಆಪರೇಷನ್ ಟೇಬಲ್ ಮೇಲೆ ಅಂಟುತ್ತದೆ ಅಂತ ನಾವು ತಿಳಿದಿದ್ದೆವು. ಅದಕ್ಕೆ ದಾರಿಯಾಗುವುದೂ, ಅದನ್ನು ತಡೆಯುವುದೂ ಆಪರೇಷನ್‌ಗೂ ಎಷ್ಟೋ ವಾರ ಮೊದಲೇ ಶುರುವಾಗಿರುತ್ತದೆ.

ಮೊದಲು ಸ್ಕ್ಯಾನ್ ನೋಡುತ್ತಾ ಸೂಜಿ ಚುಚ್ಚಿ ಗಂಟಿಗೊಂದು ಸಣ್ಣ ಕೊಳವೆ ಇಟ್ಟರು. ಕೀವು ಚೀಲಕ್ಕೆ ಇಳಿಯಿತು. ಜೊತೆಗೆ ಆಂಟಿಬಯಾಟಿಕ್. ಕಬ್ಬಿಣಾಂಶ ಮಾತ್ರೆಯಲ್ಲಿ ಬೇಡ, ಡ್ರಿಪ್‌ನಲ್ಲೇ ಕೊಡುತ್ತೇವೆ ಅಂದರು. ಸ್ಟೀರಾಯ್ಡ್ ವಾರಕ್ಕೆ 5 ಮಿಲಿಗ್ರಾಂ ಇಳಿಸುತ್ತಾ ಬಂದರು. ಸೋಂಕಿನ ಭಯ ಇದೆ ಅಂತ ಅದನ್ನು ಥಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಬಹಳ ದಿನ ತಿಂದವರ ಮೈ ತನ್ನ ಸ್ಟೀರಾಯ್ಡ್ ತಾನೇ ಮಾಡಿಕೊಳ್ಳುವುದನ್ನು ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿ.ಪಿ. ಕುಸಿದು ಬೀಳಬಹುದು.

ಊಟ ಪೂರ್ತಿ ಬಂದ್. ಬದಲಿಗೆ ಡಬ್ಬದ ಪೌಷ್ಟಿಕ ಪುಡಿ ಕಲಸಿದ ದ್ರವ, ದಿನಕ್ಕೆ ಎಂಟು ಲೋಟ. ಬೇರೆ ಏನೂ ಇಲ್ಲ. ಕರುಳಿಗೆ ವಿಶ್ರಾಂತಿಯೂ ಸಿಗಬೇಕು, ಮೈಗೆ ಪ್ರೋಟೀನೂ ಸೇರಬೇಕು ಅಂತ. ವೆನಿಲ್ಲಾ ವಾಸನೆ. ಮೊದಲ ವಾರ ಪ್ರತಿ ಲೋಟಕ್ಕೂ ಮೂಗು ಮುಚ್ಚಿಕೊಂಡೆ. ಶ್ರಾವಣ ಬಂತು, ವರಮಹಾಲಕ್ಷ್ಮಿ ಬಂತು, ಹೋಯಿತು. ಗೌರಿ ಹಬ್ಬದ ಹೊತ್ತಿಗೆ ಬೆಂಗಳೂರಿನ ಕತ್ರಿಗುಪ್ಪೆಯಲ್ಲಿರುವ ಅಕ್ಕನ ಮನೆಗೆ ಬಂದಿದ್ದೆ. ಅಡುಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಅಕ್ಕ ನನ್ನೆದುರು ಒಂದು ತುತ್ತೂ ಬಾಯಿಗೆ ಹಾಕಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಉಂಡು ಬಂದಳು. ಅಷ್ಟು ಹೊತ್ತಿಗೆ ಆಲ್ಬುಮಿನ್ 3.4 ಆಗಿತ್ತು. ಹಿಮೋಗ್ಲೋಬಿನ್ 10.9. ತೂಕ 46. ಸ್ಟೀರಾಯ್ಡ್ 10ಕ್ಕೆ ಇಳಿದಿತ್ತು. ಇನ್ನೂ ಇಳಿಸಲು ಹೋದರೆ ನೋವು ಕೆರಳುತ್ತಿತ್ತು. ಅಷ್ಟಕ್ಕೇ ಸಾಕು ಅಂದರು.

ಆಪರೇಷನ್ ಸೆಪ್ಟೆಂಬರ್ 21ಕ್ಕೆ. ಹಿಂದಿನ ದಿನ ಸಂಜೆ, ಮತ್ತೆ ಬೆಳಿಗ್ಗೆ ಗುಲಾಬಿ ಬಣ್ಣದ ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಸ್ನಾನ. ಹೊಟ್ಟೆಗೆ ಬ್ಲೇಡ್ ಹಾಕಲೇ ಇಲ್ಲ. ಮಗ ಹುಟ್ಟಿದಾಗ ಬೇರೊಂದು ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಮೊದಲು ರಾತ್ರಿಯೇ ಬ್ಲೇಡಿನಿಂದ ಬೋಳಿಸಿದ್ದರು, ಎರಡು ಕಡೆ ಗೀರಿತ್ತು. ಆ ಕಣ್ಣಿಗೆ ಕಾಣದ ಗೀರುಗಳಲ್ಲೇ ಕ್ರಿಮಿ ಮನೆ ಮಾಡುತ್ತವಂತೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಬೋಳಿಸಬೇಡಿ, ತೀರಾ ಬೇಕಾದರೆ ಕ್ಲಿಪ್ಪರ್‌ನಲ್ಲಿ ಕತ್ತರಿಸಿ ಅಂತ ಹೇಳಿದೆ. ನಿಮ್ಮ ಹತ್ತಿರ ಯಾರಾದರೂ ಬ್ಲೇಡ್ ಹಿಡಿದು ಬಂದರೆ ಧೈರ್ಯವಾಗಿ ಕೇಳಿ.

ಒಳಗೆ ಕರೆದುಕೊಂಡು ಹೋಗುವ ಮುಂಚೆ ಸಿಸ್ಟರ್ ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಬಲಗಡೆ ಮಾರ್ಕರ್‌ನಲ್ಲಿ ಒಂದು ಗುಂಡು ಗುರುತು ಹಾಕಿದರು. ಕರುಳು ಜೋಡಿಸುವ ಹಾಗೆ ಇಲ್ಲದಿದ್ದರೆ ಅಲ್ಲಿಂದ ಹೊರಗೆ ತೆಗೆದು ಚೀಲ ಕಟ್ಟಬೇಕಾಗುತ್ತದೆ. ಅದನ್ನು ಸ್ಟೋಮಾ ಅನ್ನುತ್ತಾರೆ. ಎಚ್ಚರ ಬಂದಾಗ ನನ್ನ ಕೈ ಮೊದಲು ಹೋಗಿದ್ದು ಆ ಗುರುತಿನ ಮೇಲೆ. ಚೀಲ ಇರಲಿಲ್ಲ. ಬರೀ ಚರ್ಮ ಇತ್ತು. ಮತ್ತೆ ನಿದ್ದೆ ಬಂತು.

28 ಸೆಂಟಿಮೀಟರ್ ಕರುಳು ತೆಗೆದು ಜೋಡಿಸಿದ್ದರು. ಹೊಟ್ಟೆಯಲ್ಲಿ ಮೂರು ಸಣ್ಣ ತೂತು, ಹೊಕ್ಕುಳಿನ ಸುತ್ತ ಏಳು ಸೆಂಟಿಮೀಟರ್ ಕೊಯ್ತ. ಮರುದಿನವೇ ನಡೆಸಿದರು. ಮೂರು ಚೆಂಡಿನ ಡಬ್ಬಿಗೆ ಬಾಯಿಟ್ಟು ಉಸಿರು ಎಳೆಯಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಸೋಂಕು. ರಕ್ತ ಹೆಪ್ಪುಗಟ್ಟದಿರಲು ದಿನಾ ಒಂದು ಇಂಜೆಕ್ಷನ್. ಐದನೇ ದಿನ ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಅನ್ನುವ ರಕ್ತಪರೀಕ್ಷೆ 78 ಬಂತು, ಇಳಿಯುತ್ತಿದೆ ಅಂದರು. 27ಕ್ಕೆ ಮನೆಗೆ ಬಿಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ ನಾಡಿ 84 ಅಂತ ಬರೆದಿತ್ತು. ಆ 84 ಮುಂದೆ ಕೆಲಸಕ್ಕೆ ಬಂತು.

28ರ ಸಂಜೆ ನನಗೆ ಕಾಫಿ ಬೇಡವಾಯಿತು. ಒಂದು ಲೋಟ ಕಾಫಿಗೆ ಎರಡು ತಿಂಗಳು ಕಾದಿದ್ದವಳು ನಾನು. ನೋವು ಜಾಸ್ತಿ ಇರಲಿಲ್ಲ. ಕೊಯ್ತದ ಕೆಳತುದಿ ಸ್ವಲ್ಪ ಗಟ್ಟಿ, ಮುಟ್ಟಿದರೆ ಬೆಚ್ಚಗೆ. ಮೈಯಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಹೇಳಲು ಬರುತ್ತಿರಲಿಲ್ಲ. ಅಕ್ಕ ಆಸ್ಪತ್ರೆಯ ನಂಬರ್‌ಗೆ ಫೋನ್ ಮಾಡಿದಳು.

"ಜ್ವರ ಎಷ್ಟಿದೆ?"

"98.8."

"ಹಾಗಾದ್ರೆ ಏನೂ ಆಗಲ್ಲ ಮೇಡಂ. ನೋವಿಗೆ ಪ್ಯಾರಾಸಿಟಮಾಲ್ ಕೊಡ್ತಾ ಇರಿ. ಸೋಮವಾರ ಗಾಂಧಿ ಜಯಂತಿ, ಒಪಿಡಿ ಇಲ್ಲ. ಮಂಗಳವಾರ ಬನ್ನಿ."

ಫೋನ್ ಎತ್ತಿದವರು ನಾನು ಏನು ಮಾತ್ರೆ ತಿನ್ನುತ್ತಿದ್ದೇನೆ ಅಂತ ಕೇಳಲಿಲ್ಲ. ನಮಗೂ ಹೇಳಬೇಕು ಅಂತ ಗೊತ್ತಾಗಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಉತ್ತರವೇ ಬೇರೆ ಆಗುತ್ತಿತ್ತು. ಇದು ನನಗೆ ಇವತ್ತಿಗೂ ಬೇಜಾರು.

ಮರುದಿನ ಬೆಳಿಗ್ಗೆ ಎದ್ದಾಗ ನೈಟಿಯ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಒದ್ದೆ. ಬಣ್ಣ ಚಹಾದ ಹಾಗೆ. ಬಗ್ಗಿ ಮೂಸಿದೆ. ಹಳಸಿದ ಅನ್ನದ ವಾಸನೆ.

ಅದು ಸೆಪ್ಟೆಂಬರ್ 29. ಕಾವೇರಿಗಾಗಿ ಕರ್ನಾಟಕ ಬಂದ್. ಬೀದಿಯಲ್ಲಿ ಒಂದು ಆಟೋ ಇಲ್ಲ. ಭಾವ ಹೇಳಿದ್ದು ತಪ್ಪೇನಲ್ಲ. "ಜ್ವರ ಇಲ್ವಲ್ಲ. ಇವತ್ತೊಂದು ದಿನ ನೋಡಿ, ನಾಳೆ ಬೆಳಿಗ್ಗೇನೇ ಹೋದ್ರೆ ಆಯ್ತಲ್ವಾ?" ನಾನೂ ಹೂಂ ಅಂದೆ.

ಅಕ್ಕ ಮಾತಾಡಲಿಲ್ಲ. ವಾರ್ಡಿನಲ್ಲಿ ಸಿಸ್ಟರ್ ಮಾಡುತ್ತಿದ್ದುದನ್ನು ನೋಡಿಕೊಂಡಿದ್ದಳು. ಗೋಡೆ ಗಡಿಯಾರದ ಕೆಳಗೆ ನನ್ನನ್ನು ಕೂರಿಸಿ, ಮಣಿಕಟ್ಟಿಗೆ ಎರಡು ಬೆರಳಿಟ್ಟು ಒಂದು ನಿಮಿಷ ಪೂರ್ತಿ ಎಣಿಸಿದಳು. ತುಟಿ ಅಲ್ಲಾಡುತ್ತಿತ್ತು. 118. ಇನ್ನೊಂದು ಸಲ ಎಣಿಸಿದಳು. 116. ಚೀಟಿ ತೆಗೆದು 84ರ ಮೇಲೆ ಬೆರಳಿಟ್ಟಳು.

"ಸುಮ್ನೆ ಕೂತವಳಿಗೆ ಇಷ್ಟು ಹೊಡ್ಕೊಳ್ಳುತ್ತೇನೇ? ಏಳು, ಹೋಗೋಣ."

ಪಕ್ಕದ ಮನೆಯವರು ಕಾರು ತೆಗೆದರು. ಮುಚ್ಚಿದ ಅಂಗಡಿಗಳ ನಡುವೆ ಖಾಲಿ ರಸ್ತೆ. ಆಸ್ಪತ್ರೆಗೆ ಹೋಗುವವರನ್ನು ಯಾರೂ ತಡೆಯಲಿಲ್ಲ.

ಕ್ಯಾಶುವಾಲಿಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಹ ಮೊದಲು ಜ್ವರದ ಬಗ್ಗೆಯೇ ಕೇಳಿದರು. ಆದರೆ ಚೀಟಿ ತಿರುವಿ ಹಾಕುತ್ತಾ ಪ್ರೆಡ್ನಿಸೊಲೋನ್ ಅನ್ನುವ ಕಡೆ ನಿಂತರು. "ಇದನ್ನ ಎಷ್ಟು ದಿನದಿಂದ ತೊಗೋತಾ ಇದ್ದೀರ?" ವರ್ಷದ ಹತ್ತಿರ ಅಂದೆ. ಅವರ ಮುಖ ಬದಲಾಯಿತು. ಕೂಡಲೇ ಸರ್ಜನ್‌ಗೆ ಫೋನ್ ಹೋಯಿತು.

ಕೊಯ್ತದ ಕೆಳಗಿನ ನಾಲ್ಕು ಹೊಲಿಗೆ ಬಿಚ್ಚಿದರು. ಮೂರನೆಯದು ಬಿಚ್ಚುತ್ತಿದ್ದಂತೆ ಒಳಗಿನ ಬಿಗಿ ಥಟ್ಟನೆ ಬಿಟ್ಟ ಹಾಗಾಯಿತು. ಬಿಸಿಯಾದದ್ದು ಪಕ್ಕೆಯ ಮೇಲೆ ಹರಿಯಿತು. ಅಕ್ಕ ನನ್ನ ತಲೆ ಹಿಡಿದು ಗೋಡೆಯ ಕಡೆ ತಿರುಗಿಸಿದಳು. ನೋವಿಗಿಂತ ಜಾಸ್ತಿ ಆದದ್ದು ಹಗುರ. ಒಂದಿಷ್ಟು ಕೀವನ್ನು ಕಡ್ಡಿಯಲ್ಲಿ ತೆಗೆದು, ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರು.

ಕೀವು ಚರ್ಮದ ಕೆಳಗಿನದು ಮಾತ್ರವೋ, ಒಳಗೆ ಕರುಳಿನ ಜೋಡಣೆಯೇ ಸೋರುತ್ತಿದೆಯೋ? ಅದು ತಿಳಿಯಬೇಕಿತ್ತು. ಸೋರುವುದಾದರೆ ಹೆಚ್ಚಾಗಿ ಮೊದಲ ವಾರ, ಹತ್ತು ದಿನದೊಳಗೇ. ನಾನು ಎಂಟನೇ ದಿನದಲ್ಲಿದ್ದೆ. ಸಿಆರ್‌ಪಿ 78 ಇದ್ದದ್ದು 190 ಆಗಿತ್ತು. ಸಿಟಿ ಸ್ಕ್ಯಾನ್‌ಗೆ ಕರೆದುಕೊಂಡು ಹೋದರು. ರಿಪೋರ್ಟ್ ಬರಲು ಎರಡು ಗಂಟೆ. ಆ ಎರಡು ಗಂಟೆ ನಾನು ಮಾರ್ಕರ್ ಗುರುತಿದ್ದ ಜಾಗದ ಮೇಲೆ ಕೈಯಿಟ್ಟುಕೊಂಡೇ ಮಲಗಿದ್ದೆ. ಗುರುತು ಮಾಸಿ ಹೋಗಿತ್ತು.

ಸೋರಿರಲಿಲ್ಲ. ಕೀವು ಚರ್ಮದ ಕೆಳಗಷ್ಟೇ ಇತ್ತು.

ಸರ್ಜನ್ ಸಂಜೆ ಬಂದು ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. "ಜ್ವರ ಅನ್ನೋದು ಮೈ ಹೊಡೆಯೋ ಗಂಟೆ. ಸ್ಟೀರಾಯ್ಡ್ ಆ ಗಂಟೆಗೆ ಬಟ್ಟೆ ಸುತ್ತಿಬಿಡುತ್ತೆ. ಅದರ ಮೇಲೆ ನೀವು ದಿನಕ್ಕೆ ಮೂರು ಪ್ಯಾರಾಸಿಟಮಾಲ್ ಬೇರೆ ತಿಂತಾ ಇದ್ರಿ. ಹೇಗಮ್ಮ ಬರುತ್ತೆ ಜ್ವರ? ನಾಡಿಗೆ ಬಟ್ಟೆ ಸುತ್ತೋಕಾಗಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಎಣಿಸಿದ್ದು ಒಳ್ಳೇದಾಯ್ತು" ಅಂದರು. ಇನ್ನೂ ಒಂದು ಮಾತು ಹೇಳಿದರು. ಜುಲೈನಲ್ಲೇ ಕೊಯ್ದಿದ್ದರೆ ಈ ಸೋಂಕು ಚರ್ಮದ ಕೆಳಗೇ ನಿಲ್ಲುತ್ತಿತ್ತು ಅಂತ ಹೇಳುವ ಧೈರ್ಯ ತಮಗಿಲ್ಲ ಅಂತ.

ಕರುಳಿನ ಆಪರೇಷನ್ ಉಳಿದವುಗಳ ಹಾಗಲ್ಲ. ಕರುಳಿನೊಳಗೆ ಕ್ರಿಮಿ ಇದ್ದೇ ಇರುತ್ತವೆ, ಕೊಯ್ದಾಗ ಎಷ್ಟೇ ಜಾಗ್ರತೆ ಮಾಡಿದರೂ ಒಂದಿಷ್ಟು ಗಾಯಕ್ಕೆ ತಾಗುತ್ತವೆ. ಕೊಯ್ಯುವುದಕ್ಕೆ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಟ್ಟಿರುತ್ತಾರೆ, ನನಗೂ ಕೊಟ್ಟಿದ್ದರು. ಅಷ್ಟಾದರೂ ಕೆಲವರಿಗೆ ಆಗುತ್ತದೆ. ಆಪರೇಷನ್ ಆದ 30 ದಿನದವರೆಗೂ ಗಾಯದ ಮೇಲೆ ಕಣ್ಣಿರಬೇಕು.

ಕಲ್ಚರ್ ಮೂರನೇ ದಿನ ಬಂತು. ಇ. ಕೋಲೈ, ಕರುಳಿನಲ್ಲೇ ಇರುವ ಕ್ರಿಮಿ. ಸಾಮಾನ್ಯವಾಗಿ ಕೊಡುವ ನಾಲ್ಕೈದು ಔಷಧಕ್ಕೆ ಬಗ್ಗುವುದಿಲ್ಲ ಅಂತ ಕಾಗದದಲ್ಲಿ ಸಾಲಾಗಿ ಬರೆದಿತ್ತು. ಬಗ್ಗುವ ಇಂಜೆಕ್ಷನ್ ಐದು ದಿನ ನಡೆಯಿತು. ಕಲ್ಚರ್ ಕಳಿಸದೆ ಅಂದಾಜಿನ ಮೇಲೆ ಮಾತ್ರೆ ನುಂಗಿದ್ದರೆ ನಾಲ್ಕು ದಿನ ಸುಮ್ನೆ ಕಳೆದುಹೋಗುತ್ತಿತ್ತು.

ಗಾಯವನ್ನು ಮತ್ತೆ ಹೊಲಿಯಲಿಲ್ಲ. ಅದು ತಳದಿಂದ ತಾನೇ ತುಂಬಿ ಬರಬೇಕು. ಮೇಲೆ ಮೊದಲು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಸಾಗರಕ್ಕೆ ವಾಪಸ್ ಬಂದೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿನಿಕ್ಕಿನ ಸಿಸ್ಟರ್ ಮನೆಗೆ ಬರುತ್ತಿದ್ದರು. ಕೈ ತೊಳೆದು, ಗ್ಲೌಸ್ ಹಾಕಿ, ಹಳೇ ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ ಮೆಲ್ಲಗೆ ಎಳೆಯುತ್ತಿದ್ದರು. ಒಣಗಿ ಅಂಟಿಕೊಂಡಿದ್ದರೆ ಕಣ್ಣಲ್ಲಿ ನೀರು. ಒಳಗೆ ಎಷ್ಟು ಆಳ ಇದೆ ಅಂತ ಕಡ್ಡಿ ಇಟ್ಟು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಮೊದಲ ದಿನ ಮೂರೂವರೆ ಸೆಂಟಿಮೀಟರ್. ಹತ್ತು ದಿನ ನಾನು ಗಾಯ ನೋಡಲೇ ಇಲ್ಲ. ಹನ್ನೊಂದನೇ ದಿನ ಅವರೇ ಕನ್ನಡಿ ಹಿಡಿದರು.

"ನೋಡಿ ಅಕ್ಕಾ, ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಬಂದಿದೆ. ಹಳದಿ ಇದ್ರೆ ಹೆದರಬೇಕು, ಇದಕ್ಕಲ್ಲ."

ನಿಜವಾಗಿಯೂ ದಾಳಿಂಬೆಯ ಹಾಗೇ ಇತ್ತು. ಹೊಸ ಮಾಂಸ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವುದು ಅಂದರೆ ಹಾಸಿಗೆ ಮೇಲೇ ಕೂತು, ಕೈ ಹಿಡಿದು, ಹೊಟ್ಟೆ ತೋರಿಸು ಅನ್ನುವುದು. ಪ್ರೀತಿಯೇ ಅದು. ಆದರೆ ತೆರೆದ ಗಾಯ ಆ ಪ್ರೀತಿಯನ್ನು ತಡೆದುಕೊಳ್ಳುವುದಿಲ್ಲ. ಒಬ್ಬರು ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಬಟ್ಟಲಲ್ಲೇ ತಂದಿದ್ದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮನೆಯಲ್ಲಿಟ್ಟು, "ಡಾಕ್ಟ್ರು ಬೇಡ ಅಂದಿದಾರೆ" ಅಂದರು. ಬಂದವರಿಗೆಲ್ಲ ಜಗುಲಿಯಲ್ಲೇ ಕಾಫಿ ಕೊಟ್ಟು ಕಳಿಸಿದರು. ಮೊಟ್ಟೆ ಬಾರದ ಮನೆ ನಮ್ಮದು. ಪ್ರೋಟೀನ್ ಬೇಕು ಅಂತ ಕೇಳಿದ ಮೇಲೆ ಅತ್ತೆ ಹಿತ್ತಿಲ ಒಲೆಗೆ ಬೇರೆ ಪಾತ್ರೆ ಇಟ್ಟು ದಿನಾ ಎರಡು ಮೊಟ್ಟೆ ಬೇಯಿಸಿ ಕೊಟ್ಟರು. ಈ ಋಣ ನಾನು ಹೇಗೆ ತೀರಿಸಲಿ?

ಸ್ಟೀರಾಯ್ಡ್ ಅಕ್ಟೋಬರ್ ಕೊನೆಗೆ ಪೂರ್ತಿ ನಿಂತಿತು. ಕ್ರೋನ್ಸ್ ಮರಳದಿರಲು ಮುಂದೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ಅಂದರು. ಅದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದೇ. ಹಾಗಾಗಿ ಗಾಯ ಮುಚ್ಚಿದ ಮೇಲೆ, ಟಿ.ಬಿ. ಪರೀಕ್ಷೆ ಮತ್ತೊಮ್ಮೆ ಮಾಡಿದ ಮೇಲೆ. ಆ ಜಾತಿಯ ಇಂಜೆಕ್ಷನ್ ತೆಗೆದುಕೊಳ್ಳುವಾಗಲೇ ಆಪರೇಷನ್ ಬಂದವರು ತುಂಬಾ ಹೆದರುತ್ತಾರೆ. ಅಮೆರಿಕದಲ್ಲಿ 900ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಇಂಜೆಕ್ಷನ್‌ನಿಂದ ಸೋಂಕು ಹೆಚ್ಚಿದ್ದು ಕಾಣಲಿಲ್ಲ ಅಂತ ನನ್ನ ಡಾಕ್ಟರ್ ಹೇಳಿದರು. ಸ್ಟೀರಾಯ್ಡ್ ವಿಷಯಕ್ಕೆ ಅವರು ಹಾಗೆ ಹೇಳಲಿಲ್ಲ.

ನವೆಂಬರ್ 7ಕ್ಕೆ ಸಿಸ್ಟರ್ ಕಡ್ಡಿ ತೆಗೆಯಲಿಲ್ಲ. ಅಳೆಯಲು ಆಳವೇ ಉಳಿದಿರಲಿಲ್ಲ. ಪುಸ್ತಕದಲ್ಲಿ ಸೊನ್ನೆ ಬರೆದು, ಇನ್ನು ನೀರು ಹಾಕಬಹುದು ಅಂದರು. ಸೆಪ್ಟೆಂಬರ್‌ನಿಂದ ನಾನು ಹೊಟ್ಟೆ ತಪ್ಪಿಸಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದೆ.

11ಕ್ಕೆ ನೀರು ತುಂಬುವ ಹಬ್ಬ. ಅತ್ತೆ ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಸಿದರು. ಮರುದಿನ ಬೆಳಗಿನ ಜಾವ ಅಕ್ಕ ಬೆಂಗಳೂರಿನಿಂದ ಬಂದು ಇಳಿದಿದ್ದಳು. ಬ್ಯಾಗ್ ಜಗುಲಿಯಲ್ಲಿ ಬಿಟ್ಟು ನೇರ ಬಚ್ಚಲಿಗೆ ಬಂದಳು. ಹೊಗೆಯ ನಡುವೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಮೊದಲು ಮಣಿಕಟ್ಟು ಹಿಡಿದು ಎಣಿಸಿದಳು. 76. ಆಮೇಲೆ ತಂಬಿಗೆ ತುಂಬಿ ತಲೆಯ ಮೇಲಿಂದ ಸುರಿದಳು. ಬಿಸಿನೀರು ಹೊಟ್ಟೆಯ ಮೇಲೆ ಇಳಿದು ಹೋಯಿತು.